ಹಂಚಿನ ಮೇಲಿನ ಹಾಲುಹಲ್ಲು

ಚಿತ್ರದಲ್ಲಿ ಗುತ್ತೆವ್ವ ಬಚ್ಚಲ ಕಲ್ಲಿನ ಮೇಲೆ ಕಾಲು ಚಾಚಿ ಕುಳಿತಿದ್ದಾಳೆ. ಪಕ್ಕದಲ್ಲಿ ತಾಮ್ರದ ಹಂಡೆ. ಅದರಿಂದೆದ್ದ ಹಬೆ ಎಳೆಬಿಸಿಲಿನಲ್ಲಿ ಅರ್ಧ ದಾರಿಗೇ ನಿಂತುಬಿಟ್ಟಿದೆ. ಬಲಗೈ ಬೆರಳುಗಳಲ್ಲಿ ಅರಿಸಿನ. ಎಡಗೈ ಕೂಸಿನ ಕುತ್ತಿಗೆಗೆ ಆಸರೆ ಕೊಡುವಂತೆ ಬಾಗಿದೆ. ಕುತ್ತಿಗೆ ಇರಬೇಕಾದಲ್ಲಿ ಏನೂ ಇಲ್ಲ. ಕಾಲುಗಳ ನಡುವಿನ ತಗ್ಗಿನಲ್ಲಿ ಪುಟ್ಟದೊಂದು ತಲೆಬುರುಡೆ ಹೊಳೆಯುತ್ತಿದೆ.

ನೀಲಪ್ಪ ಹೆಮ್ಮೆಯಿಂದ ಚಾಚಿದ ಮೊಬೈಲಿನಲ್ಲಿ ಇದನ್ನು ಕಂಡು ಮೃಣಾಲಿನಿ ಕಣ್ಣು ಮುಚ್ಚಿಕೊಂಡಳು. ಹಂಸಭಾವಿಯ ಈ ಗಂಡಹೆಂಡಿರ ಹೊಲದಲ್ಲಿ, ಪೈಪಿಗೆಂದು ತೋಡುವಾಗ ಸಿಕ್ಕ ಪುರಾತನ ಸಮಾಧಿಯಲ್ಲಿ, ಮಣ್ಣು ಉಳಿಸಿದ್ದು ಆ ಬುರುಡೆಯೊಂದನ್ನೇ. ಅದರ ಕಿವಿಯ ಮೂಳೆಯಲ್ಲಿ ಮೃಣಾಲಿನಿ ತನ್ನ ಪ್ರಯೋಗಾಲಯದಲ್ಲಿ ಸಮಾಧಿಯಷ್ಟೇ ಹಳೆಯ ಡಿಎನ್‌ಎ ಹುಡುಕಿದ್ದಳು. ಸಿಕ್ಕಿದ್ದು ಈ ಕಾಲದ ಯಾರದೋ. ಯಾರದೆಂದು ಈಗ ತಿಳಿಯಿತು.

"ಗುತ್ತೆವ್ವ, ಇದನ್ನ ಯಾಕ ತೊಳದ್ರಿ?"

"ಅಯ್ಯ ಅಕ್ಕಾರ, ಕೂಸಿನ ಮೈ ತೊಳೀದ ಪರಊರಿಗೆ ಹೆಂಗ ಕಳಸೂದು? ಅದಿರ್ಲಿ, ಹೆಣ್ಣೋ ಗಂಡೋ, ಗೊತ್ತಾತೇನ್ರಿ?"

ಗುತ್ತೆವ್ವನಿಗೆ ಬೇಕಾಗಿದ್ದುದು ಅಷ್ಟೇ. ಕೂಸನ್ನು ಮರಳಿ ಮಣ್ಣಿಗೆ ಕೊಡುವಾಗ ಹೆಸರಿಟ್ಟು ಕರೆಯಬೇಕೆಂದು ದೀಪಾವಳಿಯಿಂದ ಕಾದಿದ್ದಳು.

"ಹೆಣ್ಣು ಅಂತ ಬಂದದ." ಗುತ್ತೆವ್ವನ ಮುಖ ಅರಳಿತು. ಮೃಣಾಲಿನಿ ತಡವರಿಸಿದಳು. "ಆದ್ರ ಅದು ನೀವ ಇರಬೇಕು. ನಿಮ್ಮ ಕೈಯಿಂದ ಹತ್ತಿದ್ದು."

ನೀಲಪ್ಪ ತೊಡೆ ತಟ್ಟಿ ನಕ್ಕ. "ಇಕಿ ಹೆಣ್ಣ ಅಂತ ತಿಳ್ಯಾಕ ಮಿಷನ್ ಬೇಕಾತು ನೋಡ್ರಿ!"

"ಸುಮ್ಕ ಕುಂದರ್ರಿ ನೀವು." ಗುತ್ತೆವ್ವನ ದನಿ ಕುಗ್ಗಿತು. "ಹಂಗಾರ ನಾನ ಕೆಡಿಸಿದ್ನಿ. ಇನ್ನ ಗೊತ್ತಾಗೂದ ಇಲ್ಲೇನ್ರಿ?"

"ತೊಳೀಲಾರದ್ದು ಏನರ ಉಳದಿದ್ರ... ಒಂದು ಹಲ್ಲಾದ್ರೂ."

ಗಂಡಹೆಂಡಿರು ಮುಖ ಮುಖ ನೋಡಿಕೊಂಡರು.

"ಹಲ್ಲು ಐತ್ರಿ," ಎಂದಳು ಗುತ್ತೆವ್ವ, ಅಳುಕುತ್ತ. "ಮಣ್ಣಾಗಿಂದ ಎತ್ತುವಾಗ ಒಂದ ಉದುರಿತ್ತು. ಹಾಲುಹಲ್ಲಿಗೆ ಎಲ್ಲಾರೂ ಮಾಡೂದನ್ನ ಮಾಡೇನಿ. ಸೆಗಣ್ಯಾಗ ಸುತ್ತಿ ಹಂಚಿನ ಮ್ಯಾಲ ಒಗದೇನಿ."

ಸವಣೂರಿನ ಮನೆಯ ಹಂಚುಗಳ ಮೇಲೆ ಚಿಕ್ಕಂದಿನಲ್ಲಿ ತಾನು ಒಗೆದ ಹಲ್ಲುಗಳು ಮೃಣಾಲಿನಿಗೆ ನೆನಪಾಗಿ, ಅವಳು ನಕ್ಕುಬಿಟ್ಟಳು.

"ಈ ಸಲ ಆಕಳ ಅಂತ ಬಂದ್ರ?" ನೀಲಪ್ಪನ ಚಿಂತೆ.

"ಆಕಳದು ಬ್ಯಾರೆ, ಮನುಷ್ಯಾರದು ಬ್ಯಾರೆ. ಬಿಡಿಸಬಹುದು. ಮೊದ್ಲು ಈ ಕೈಗವಸು ಹಾಕ್ಕೊಳ್ರಿ."

ಅವನು ಏಣಿ ಹತ್ತಿ ಹಂಚಿನ ಸಂದಿಗೆ ಕೈ ಹಾಕಿದ.

"ನಿಂದರ್ರಿ!" ಕೆಳಗಿನಿಂದ ಗುತ್ತೆವ್ವ ಕೂಗಿದಳು. "ಅದನ್ನ ತಗದ್ರ ಕೂಸಿಗೆ ಹೊಸಾ ಹಲ್ಲು ಹೆಂಗ ಹುಟ್ಟಬೇಕು?"

ಈ ಮಾತಿಗೆ ನೀಲಪ್ಪನೂ ನಗಲಿಲ್ಲ. ಗುತ್ತೆವ್ವ ಸೆರಗಿನಿಂದ ಹಣೆ ಒರೆಸಿಕೊಂಡಳು.

"ಇರ್ಲಿ, ತಗೀರಿ. ಹೆಸರಿಲ್ಲದ ಎಷ್ಟಂತ ಮಲಗಬೇಕು ಅದು."

ಒಣಗಿದ ಸೆಗಣಿಯ ಆ ಪುಟ್ಟ ಉಂಡೆ ಮೃಣಾಲಿನಿ ತಂದಿದ್ದ ಪೆಟ್ಟಿಗೆಯೊಳಗೆ ಬಿಳಿಯ ಹತ್ತಿಯ ಮೇಲೆ ಕುಳಿತಿತು. ಸವರಲೆಂದು ಚಾಚಿದ ತನ್ನ ಕೈಯನ್ನು ಗುತ್ತೆವ್ವ ನಡುದಾರಿಯಲ್ಲೇ ತಡೆದು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

"ಹೋಗಿ ಬಾ, ಕೂಸ."

ಪೆಟ್ಟಿಗೆಯನ್ನು ಎದೆಗವಚಿಕೊಂಡು ಹೊಸಿಲು ದಾಟಿದ ಮೃಣಾಲಿನಿ ಮೊಳಕೈಯಿಂದ ಬಾಗಿಲನ್ನು ಎಳೆದುಕೊಂಡಳು. ಮಗು ಈಗಷ್ಟೇ ನಿದ್ದೆಹೋದ ಮನೆಯಲ್ಲಿ ಮುಚ್ಚುವಂತೆ, ಅದು ಸದ್ದಿಲ್ಲದೆ ಮುಚ್ಚಿತು.