ಎರಡನೆಯವನು

ಹಗೇವಿನೊಳಗೆ ಇಳಿಬಿಟ್ಟ ಕಂದೀಲು ಅರ್ಧಕ್ಕೆ ಹೋಗುವಷ್ಟರಲ್ಲಿ ಆರಿಹೋಯಿತು. ನೆಲದಡಿಯ ಆ ಜೋಳದ ಕಣಜದ ಬಾಯಿ ತೆಗೆದ ಕೂಡಲೇ, ಸೂಪರ್‌ವೈಜರ್ ರೇವಪ್ಪ ಕಂದೀಲು ತರುವ ಮುಂಚೆಯೇ, ಹಮಾಲ ಚಂದಪ್ಪ ಒಳಗಿಳಿದಿದ್ದ. ಈಗ ಎಷ್ಟು ಕೂಗಿದರೂ ಓಗೊಡುತ್ತಿರಲಿಲ್ಲ. ಅವನ ತಮ್ಮ ಸಿದ್ದರಾಯ ಕಾಲು ಇಳಿಬಿಟ್ಟಿದ್ದೇ ತಡ, ರೇವಪ್ಪ ಅವನನ್ನು ಹಿಂದಕ್ಕೆಳೆದು ಕೆಡವಿ ಎದೆಯ ಮೇಲೆ ಕೂತ.

“ಬಿಡ್ರಿ, ನಮ್ಮಣ್ಣ ಸಾಯಾಕತ್ತಾನ.”

“ಕಂದೀಲ ಆರಿದ್ದು ಕಾಣಲಿಲ್ಲೇನು? ಒಳಗ ಕೆಟ್ಟ ಗಾಳಿ ಅದ, ನೀನೂ ಹಂಗ ಆರ್ತಿ.”

ಇಂಡಿ ಪಟ್ಟಣದಲ್ಲಿ ನಡೆದ ಸುರಕ್ಷತಾ ತರಬೇತಿಯಲ್ಲಿ ರೇವಪ್ಪ ಅರ್ಧ ತೂಕಡಿಸಿದ್ದರೂ ಈ ಮಾತು ತಲೆಯಲ್ಲಿ ಉಳಿದಿತ್ತು: ಮೊದಲು ಎರಡನೆಯವನನ್ನು ತಡೆಯಿರಿ, ಆಮೇಲೆ ಗಾಳಿ ಹಾಕಿರಿ. ಚಂದಪ್ಪನ ಹೆಂಡತಿ ಸಾತವ್ವ ರೇವಪ್ಪನ ಬೆನ್ನಿಗೆ ಗುದ್ದತೊಡಗಿದಳು. “ನಿಮ್ಮಣ್ಣ ಒಳಗಿದ್ರ ಹಿಂಗ ಕುಂಡರ್ತಿದ್ರೇನ್ರಿ?”

ಪಕ್ಕದಲ್ಲಿ ಬಿದ್ದಿದ್ದ ಕಂಬಳಿ ಬೀಸಿ ಒಳಗೆ ಗಾಳಿ ಹೊಗಿಸಬೇಕು. ತಾನು ಎದ್ದರೆ ಸಿದ್ದರಾಯ ಒಳಗೆ ಹಾರುತ್ತಾನೆ. ಸುತ್ತ ಮತ್ತೊಬ್ಬ ನರಪಿಳ್ಳೆ ಇರಲಿಲ್ಲ.

“ಯವ್ವಾ, ನನಗೂ ಎರಡೇ ಕೈ ಅದಾವು,” ಎಂದ ರೇವಪ್ಪ.

ಗುದ್ದು ನಿಂತಿತು. ಸಾತವ್ವ ಗಂಡ ಇಳಿದಿದ್ದ ಕತ್ತಲೆಯ ಬಾಯನ್ನೊಮ್ಮೆ ನೋಡಿದಳು. ಆಮೇಲೆ ಮೈದುನನ ಮೇಲೆ ಬಿದ್ದು, ಎರಡೂ ತೋಳುಗಳಿಂದ ಅವನ ಸೊಂಟವನ್ನು ಬಿಗಿದಪ್ಪಿ ಕಣ್ಣು ಮುಚ್ಚಿದಳು.

“ಇಂವನ್ನ ನಾ ಹಿಡಿತೇನಿ. ನೀವು ಬೀಸ್ರಿ.”