ಬೇಡ ಅನ್ನುವವರ ವಿಮಾನ

"ಅಯ್ಯೋ, ನಮಗ್ಯಾಕೆ ತಾಯಿ ಅಷ್ಟು ದೊಡ್ಡ ವಿಮಾನ? ಹೇಗೋ ನಡೀತಿದೆ ಬಿಡಿ," ಎಂದ ಮುದುಕ ಪ್ಯಾಕಿ.

ಲೊರೇನ್ ಪಾಲ್ಸನ್ ತಲೆಯಾಡಿಸಿ ಮುಂದಿನ ಕುರ್ಚಿಗೆ ಹೋದಳು. ಅಲ್ಲೂ ಅದೇ ಉತ್ತರ, ಅದರಾಚೆಗೂ ಅದೇ. ಇಲ್ಲಿಂದ ನೇರ ಬಾಸ್ಟನ್ನಿಗೆ ವಿಮಾನ ಬಿಟ್ಟರೆ ಹತ್ತುತ್ತೀರಾ ಎಂದು ಕೇಳಿದರೆ, ಲಿವರ್‌ಪೂಲ್ ವಿಮಾನಕ್ಕೆ ಕಾದು ಕೂತಿದ್ದ ಇಡೀ ಸಾಲು ತಟ್ಟೆಗೆ ಕೈ ಅಡ್ಡ ಹಿಡಿದವರಂತೆ ಬೇಡ ಬೇಡ ಎನ್ನುತ್ತಿತ್ತು. ಅವಳ ಹಿಂದೆ ನಿಂತಿದ್ದ ವಿಮಾನ ನಿಲ್ದಾಣದ ಮ್ಯಾನೇಜರ್ ಮ್ಯಾಲಕಿಗೆ ಗೋಡೆಗೆ ತಲೆ ಚಚ್ಚಿಕೊಳ್ಳುವಂತಾಯಿತು.

ಅವನ ಸಂಕಟ ಸಣ್ಣದಲ್ಲ. ದೊಡ್ಡ ಊರುಗಳ ನಿಲ್ದಾಣಗಳ ನೂಕುನುಗ್ಗಲು, ಬಾಡಿಗೆ ಎರಡರಿಂದಲೂ ಬೇಸತ್ತ ಲೊರೇನಳ ಅಮೆರಿಕನ್ ವಿಮಾನ ಕಂಪನಿ ಕಡಲಿನ ಈಚೆ ದಡದಲ್ಲಿ ಒಂದು ಸಣ್ಣ ಊರನ್ನು ಹುಡುಕುತ್ತಿತ್ತು. ಕೊನೆಗೆ ಉಳಿದದ್ದು ಎರಡು: ಐರ್ಲೆಂಡಿನ ದಕ್ಷಿಣದ ಒಂದು ಊರು, ಮತ್ತು ಪಡುವಣದ ಗುಡ್ಡದ ಮೇಲಿನ ಈ ನಿಲ್ದಾಣ. ಲೊರೇನ್ ಹೂಂ ಎಂದರೆ ನಿಲ್ದಾಣ ಉಳಿಯುತ್ತದೆ, ಇಲ್ಲವಾದರೆ ಚಳಿಗಾಲಕ್ಕೆ ಬೀಗ. ಆದರೆ ಮ್ಯಾಲಕಿಯ ಎದೆ ಉರಿಯುತ್ತಿದ್ದುದು ಬೀಗದ ಚಿಂತೆಗಲ್ಲ. ಅವ್ವ ತೀರಿಕೊಂಡಾಗ ಬಾಸ್ಟನ್ನಿನಿಂದ ಹೊರಟ ತಂಗಿ ನೂಲಾ, ಡಬ್ಲಿನ್ನಿನಲ್ಲಿ ಇಳಿದು, ಬಸ್ಸು ಹಿಡಿದು, ಊರು ತಲುಪುವ ಹೊತ್ತಿಗೆ ಜನ ಮಣ್ಣು ಮುಗಿಸಿ ಬೂಟು ಒರೆಸಿಕೊಳ್ಳುತ್ತಿದ್ದರು. ಅವಳು ಯಾರನ್ನೂ ಬೈಯಲಿಲ್ಲ, ಅದೇ ಅವನಿಗೆ ಇವತ್ತಿಗೂ ನೋವು.

ಲೊರೇನ್ ಟ್ಯಾಕ್ಸಿಗೆ ಫೋನ್ ಮಾಡಲು ಆ ಕಡೆ ಹೋದದ್ದೇ ತಡ, ಅವನು ಪ್ಯಾಕಿಯ ಪಕ್ಕ ಕುಕ್ಕರಿಸಿದ.

"ಏನೋ ಪ್ಯಾಕಿ, ಸಾಯೋದ್ರೊಳಗೆ ಬಾಸ್ಟನ್ನಿಗೆ ಹೋಗಿ ತಮ್ಮನ ಜೊತೆ ಒಂದಾಟ ಇಸ್ಪೀಟು ಆಡ್ಬೇಕು ಅಂತ ಮೊನ್ನೆ ತಾನೆ ಅಂದೆ?"

"ಅಂದೆ. ಇವತ್ತೂ ಅಂತೀನಿ."

"ಮತ್ತೆ ಬೇಡ ಅಂದ್ಯಲ್ಲ ಮಾರಾಯ!"

"ಕೇಳಿದ ತಕ್ಷಣ ಹೂಂ ಅನ್ನೋಕಾಗುತ್ತೇನೋ? ಏನಂದ್ಕೊಂಡಾಳು! ಇನ್ನೊಂದ್ಸಲ ಕೇಳ್ತಾಳೆ ಅಂತ ಕಾಯ್ತಾ ಕೂತಿದೀನಿ."

"ಅಮೆರಿಕದ ಕಡೆಯೋರು ಒಂದೇ ಸಲ ಕೇಳೋದು ಕಣೋ!"

"ಅಯ್ಯೋ ಪಾಪ," ಎಂದ ಪ್ಯಾಕಿ ನಿಜವಾಗಿಯೂ ಮರುಗಿ. "ಮನೇಲಿ ಯಾರೂ ಹೇಳಿಕೊಟ್ಟಿಲ್ವೇನೋ."

ಅಷ್ಟರಲ್ಲಿ ಲೊರೇನ್ ಫೋನ್ ಮುಗಿಸಿ, ಚೀಲದ ಜಿಪ್ ಎಳೆದು, ಕ್ಯಾಂಟೀನಿನ ಮೂಲೆಯಲ್ಲಿ ಟ್ಯಾಕ್ಸಿಗೆ ಕಾದು ಕೂತಿದ್ದಳು. ಕ್ಯಾಂಟೀನಿನ ಅಟ್ರಾಕ್ಟಾ ಕೆಟಲ್ ಹಿಡಿದು ಬಂದಳು. ಎದುರಿಗೆ ಕೂತವರು ಬರಿಗೈಯಲ್ಲಿ ಕೂತಿದ್ದರೆ ಅವಳಿಗೆ ಮೈಮೇಲೆ ಇರುವೆ ಬಿಟ್ಟಂತಾಗುತ್ತದೆ.

"ಚಹಾ ಕುಡೀರಿ ಚಿನ್ನ."

"ಬೇಡ, ಥ್ಯಾಂಕ್ಸ್."

ಅಟ್ರಾಕ್ಟಾ ಕಪ್ಪು ಇಟ್ಟು ಸುರಿದಳು.

"ನಾನು ಬೇಡ ಅಂದೆ."

"ಅಂದ್ರಿ, ಕೇಳಿಸ್ತು." ಅವಳು ಒಣದ್ರಾಕ್ಷಿಯ ಬ್ರೆಡ್ಡು ಕೊಯ್ದು ದಪ್ಪಗೆ ಬೆಣ್ಣೆ ಮೆತ್ತಿದಳು.

"ಸತ್ಯವಾಗ್ಲೂ ಬೇಡ!"

"ಹಾಂ, ಈಗ ಮೂರಾಯ್ತು. ಇನ್ನು ಕುಡೀಬಹುದು, ಯಾರೂ ಏನೂ ಅನ್ಕೊಳಲ್ಲ."

ಲೊರೇನ್ ಕಪ್ಪನ್ನು ನೋಡಿದಳು. ಆಮೇಲೆ ಆ ಕುರ್ಚಿ ಸಾಲನ್ನು ನೋಡಿದಳು. ಸಾಲಿಗೆ ಸಾಲೇ ಅವಳನ್ನೇ ನೋಡುತ್ತಿತ್ತು.

"ಇಲ್ಲಿ ಎಲ್ಲರೂ ಹೀಗೇನಾ?"

"ಮತ್ತೆ? ಮೊದಲ ಸಲಕ್ಕೇ ಹೂಂ ಅಂದ್ರೆ ಗತಿಗೆಟ್ಟೋರು ಅನ್ನಲ್ವಾ ಜನ? ನಮ್ಮೋನು ಮದುವೆ ಆಗ್ತೀಯಾ ಅಂತ ಕೇಳಿದಾಗ ಎರಡು ಸಲ ಬೇಡ ಅಂದಿದ್ದೆ. ಆ ಪುಣ್ಯಾತ್ಮ ಮೂರನೇ ಸಲ ಕೇಳದೆ ಹೋಗಿದ್ರೆ ನನ್ನ ಗತಿ ಏನಾಗ್ತಿತ್ತು, ಹೇಳಿ?"

ಲೊರೇನ್ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿ ಎದ್ದಳು. ನೇರ ಪ್ಯಾಕಿಯ ಮುಂದೆ ಹೋಗಿ ನಿಂತು, "ಬಾಸ್ಟನ್ನಿಗೆ ವಿಮಾನ ಬಿಟ್ಟರೆ ಹತ್ತುತ್ತೀರಾ?" ಎಂದು ಮತ್ತೆ ಕೇಳಿದಳು.

"ನಿಮಗ್ಯಾಕೆ ಸುಮ್ನೆ ತೊಂದ್ರೆ?"

"ಹತ್ತುತ್ತೀರಾ ಇಲ್ವಾ?"

ಪ್ಯಾಕಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. "ನೀವು ಇಷ್ಟು ಬಲವಂತ ಮಾಡೋದಾದ್ರೆ... ಕಿಟಕಿ ಪಕ್ಕದ ಸೀಟು ಸಿಗುತ್ತಾ?"

ಆಮೇಲೆ ಅವಳನ್ನು ಹಿಡಿಯುವವರೇ ಇಲ್ಲ. ಒಬ್ಬೊಬ್ಬರನ್ನೂ ಎರಡು ಸಲ, ಮೂರು ಸಲ ಕೇಳುತ್ತಾ ಹೋದಳು. ಒಬ್ಬಳಿಗೆ ಬಾಸ್ಟನ್ನಿನಲ್ಲಿ ಅಕ್ಕ, ಒಬ್ಬನಿಗೆ ಷಿಕಾಗೋದಲ್ಲಿ ಮಾವ, ಇನ್ನೊಬ್ಬಳಿಗೆ ಅಲ್ಲಿ ಯಾರೂ ಇಲ್ಲ, ಆದರೂ ಒಮ್ಮೆ ನೋಡಿಬರುವ ಆಸೆ. ಮಾತು ಕಟ್ಟೆಯೊಡೆದು, ಲಿವರ್‌ಪೂಲ್ ವಿಮಾನ ಹತ್ತಲು ಕರೆ ಬಂದರೂ ಯಾರೂ ಏಳಲೊಲ್ಲರು. ಮ್ಯಾಲಕಿ ಕೆಲಸದವರ ಮುಂದೆ ಕಣ್ಣೊರೆಸಿಕೊಳ್ಳಬಾರದೆಂದು ಹೊರಗಿನ ರನ್‌ವೇ ನೋಡುತ್ತಾ ನಿಂತ.

ಟ್ಯಾಕ್ಸಿಯವನು ಬಂದು ಹಾರ್ನ್ ಹೊಡೆದ. ಲೊರೇನ್ ಕೋಟು ತೊಟ್ಟು ಮ್ಯಾಲಕಿಯ ಬಳಿ ಬಂದಳು.

"ನಿಮ್ಮನ್ನೇ ಕೇಳಲಿಲ್ಲ ನೋಡಿ. ಮ್ಯಾನೇಜರ್ ನೀವು. ಈ ವಿಮಾನ ನಿಮಗೆ ಬೇಕಾ?"

ಮ್ಯಾಲಕಿಯ ಕಣ್ಣ ಮುಂದೆ ಚೀಲ ಹಿಡಿದು ಸ್ಮಶಾನದ ಬಾಗಿಲಲ್ಲಿ ನಿಂತ ನೂಲಾ ಬಂದಳು. ಬೇಕು, ಬೇಕು ಎಂದು ಜೀವ ಹೊಡೆದುಕೊಂಡಿತು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು ಅನ್ನುವುದು ಸುಳ್ಳಲ್ಲ.

"ಅಯ್ಯೋ, ನಮಗೋಸ್ಕರ ನೀವ್ಯಾಕೆ ತೊಂದ್ರೆ ತಗೋತೀರಿ," ಅಂದೇಬಿಟ್ಟಿತು ಅವನ ಬಾಯಿ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡ.

ಲೊರೇನ್ ಟ್ಯಾಕ್ಸಿಯವನಿಗೆ ಕಾಯುವಂತೆ ಸನ್ನೆ ಮಾಡಿದಳು. ತೊಟ್ಟ ಕೋಟನ್ನು ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿ, ಅವನೆದುರು ನೆಮ್ಮದಿಯಾಗಿ ಕೂತಳು.

"ಒಂದಾಯ್ತು," ಎಂದಳು.