ಪಾದಕ್ಕೆ ನೀರು

ಮೆರವಣಿಗೆ ಕುಂಬಾರ ಓಣಿಯ ಕಡೆ ಹೊರಳಿದ್ದೇ ತಡ, ಇಂಜಿನಿಯರ್ ನೀಲಕಂಠರಾಯರ ಎದೆ ಧಸಕ್ಕೆಂದಿತು.

"ಅಧ್ಯಕ್ಷರ, ಪ್ಯಾಟಿ ಹಾದೀಲೆ ಹೋಗೂದಿತ್ತಲ್ಲ?" ಎಂದರು, ಕೊರಳ ತುಂಬಿದ ಹಾರಗಳ ನಡುವಿನಿಂದ ಮುಖ ಹೊರಗೆ ಮಾಡಿ.

"ಪ್ಯಾಟಿ ಹಾದಿ ಎಲ್ಲೈತ್ರಿ ಸಾಹೇಬ್ರ?" ಪುರಸಭೆ ಅಧ್ಯಕ್ಷ ವೀರಪ್ಪ ನಕ್ಕ. "ಗಟಾರ ಮಾಡಸ್ತೇನಂತ ನೀವಽ ಅಗಿಸಿ ಬಿಟ್ಟೀರಿ. ದೀಪಾವಳಿಗೆ ಅಗದದ್ದು, ಯುಗಾದಿ ಬಂದ್ರೂ ಮುಚ್ಚಿಲ್ಲ. ಅದರಾಗ ಹಾದು ಹೋದ್ರ ಮೆರವಣಿಗಿ ಅನ್ನೂದಿಲ್ಲ ಮಂದಿ, ಮಣ್ಣಿಗೆ ಹೊಂಟಾರ ಅಂತಾರ."

ಹಿಂದೆ ನಿವೃತ್ತರಾದವರಿಗೆಲ್ಲ ಪುರಸಭೆ ಕಚೇರಿಯಲ್ಲೇ ಒಂದು ಹಾರ, ಒಂದು ತೆಂಗಿನಕಾಯಿ, ಕಾಯಿಗಿಂತ ಗಟ್ಟಿಯಾದ ಎರಡು ಭಾಷಣ. ತಮಗೆ ಮಾತ್ರ ಮನೆ ಬಾಗಿಲ ತನಕ ಮೆರವಣಿಗೆ ಆಗಬೇಕೆಂದು ರಾಯರು ಬಾಯಿಬಿಟ್ಟು ಕೇಳಿ ಪಡೆದಿದ್ದರು. ಮಗಳನ್ನು ಕೊಟ್ಟ ರಾಮದುರ್ಗದ ಬೀಗರು ಬಂದಿದ್ದರು. ಜೀವಮಾನವನ್ನೇ ಊರಿಗಾಗಿ ಸವೆಸಿದ ಮನುಷ್ಯನನ್ನು ಊರು ಹೇಗೆ ಹೊತ್ತು ಮೆರೆಸುತ್ತದೆ ಎಂಬುದನ್ನು ಅವರು ಕಣ್ಣಾರೆ ಕಾಣಬೇಕಿತ್ತು. ಕಂಡೂ ಇದ್ದರು. ಮುಂದೆ ಕರಡಿ ಮಜಲಿನ ವಾದ್ಯ, ಹಿಂದೆ ರಾಯರ ಚಪ್ಪಲಿಗಳನ್ನು ಕೂಸಿನಂತೆ ಎತ್ತಿಕೊಂಡ ಕಚೇರಿಯ ಸಿಪಾಯಿ ಬಾಳು. ದಾಟಿಬಂದ ಓಣಿಗಳಲ್ಲಿ ಮನೆಮನೆಯ ಹೆಂಗಸರು ಪಾದಕ್ಕೆ ನೀರು ಹಾಕಿ ಆರತಿ ಬೆಳಗಿದ್ದರು. ಪ್ರತಿ ಬಾಗಿಲಲ್ಲೂ ನಿಂತು, ಜರಿ ಅಂಚು ತೊಯ್ಯದಂತೆ ಧೋತರ ಮೇಲೆತ್ತುವುದು ರಾಯರ ಕೈಗೇ ರೂಢಿಯಾಗಿಬಿಟ್ಟಿತ್ತು.

ಆದರೆ ಇದು ಕುಂಬಾರ ಓಣಿ. ಊರಿಗೆಲ್ಲ ಕೊಡ ಮಾಡಿಕೊಡುವ ಈ ಓಣಿಗೆ ನೀರು ಬರುತ್ತಿದ್ದುದು ರಾಯರ ಬಾಯಲ್ಲಿ ಮಾತ್ರ. ಓಣಿಗೆಂದು ಬಂದಿಳಿದ ಪೈಪುಗಳು ವೀರಪ್ಪನ ಹತ್ತಿ ಜಿನ್ನಿನ ಕಂಪೌಂಡು ಸೇರಿದವು; ಸಹಿ ರಾಯರದು. ಓಣಿಗೆ ಉಳಿದದ್ದು ಬರೀ ನಳ. ಉದ್ಘಾಟನೆಗೆ ಮಂತ್ರಿಗಳು ಬರುತ್ತಾರೆಂದಾಗ ರಾಯರ ತಲೆಯೇ ಓಡಿತ್ತು: ನಳದ ಪಕ್ಕದ ಮನೆಯ ಲಗಮವ್ವನ ಮಾಳಿಗೆಯ ಮೇಲೆ ಒಂದು ಬ್ಯಾರಲ್ಲು, ಅಲ್ಲಿಂದ ಗೋಡೆಯ ಹಿಂದೆ ಇಳಿದು ನಳಕ್ಕೆ ಸೇರುವ ಒಂದು ರಬ್ಬರ್ ಕೊಳವೆ. "ಮೊದಲನೇ ಸಲ ಹಿಂಗ ತುಂಬಿ ಕೊಡಬೇಕವ್ವ, ಆಮ್ಯಾಲೆ ತಾನಽ ಬರತದ" ಎಂದು ನಂಬಿಸಿದ್ದರು. ಲಗಮವ್ವ ಹಳ್ಳದಿಂದ ಹೊತ್ತು ತಂದು, ನಿಚ್ಚಣಿಕೆ ಹತ್ತಿ, ಬೆಳಗಿನಿಂದ ಮಧ್ಯಾಹ್ನದ ತನಕ ಸುರಿದಳು. ಮಂತ್ರಿಗಳು ನಳ ತಿರುವಿದರು, ಕೈ ತೊಳೆದರು, ಚಪ್ಪಾಳೆ ಬಿತ್ತು. ಅವರ ಕಾರಿನ ಧೂಳು ಇಳಿಯುವ ಮೊದಲೇ ನೀರೂ ಇಳಿದುಹೋಯಿತು.

ಆಮೇಲೆ ಆಕೆ ಎಷ್ಟು ಸಲ ಕಚೇರಿಗೆ ಬಂದಳೋ, ಅಷ್ಟು ಸಲವೂ ರಾಯರು ಒಂದು ಚಿಟಿಕೆ ನಸ್ಯ ಏರಿಸಿ, ಮೂಗಿನಲ್ಲೇ ಅದೇ ಉತ್ತರ ಕೊಟ್ಟರು: "ಮಂಜೂರಾಗೇದವ್ವ. ಇನ್ನೇನ, ಬಂತಽ ಅನ್ನು."

ಈಗ ಆ ನಳಕ್ಕೆ ಆಡಿನ ಮರಿ ಕಟ್ಟಿತ್ತು. ಓಣಿಯ ಬಾಗಿಲುಗಳೆಲ್ಲ ಮುಚ್ಚಿದ್ದವು. ಒಳ್ಳೆಯದೇ ಆಯಿತು ಎಂದುಕೊಂಡ ರಾಯರು ಮಜಲಿನವರಿಗೆ, "ಜರಾ ಬೀಸಬೀಸ ನಡೀರಿ" ಎಂದರು. ಅಷ್ಟರಲ್ಲಿ ಒಂದು ಬಾಗಿಲು ತೆರೆಯಿತು. ತಲೆಯ ಮೇಲೆ ಕುಂಕುಮ ಹಚ್ಚಿದ ಹೊಸ ಮಣ್ಣಿನ ಕೊಡ, ತಲೆತುಂಬ ಸೆರಗು: ಲಗಮವ್ವ.

"ನಿಂದರ್ರಿ ಸಾಹೇಬ್ರ. ಇಷ್ಟ ದೊಡ್ಡವರು ನಮ್ಮ ಓಣಿ ಒಣಗಾಲೀಲೆ ದಾಟಬಾರದ್ರಿ."

"ನೋಡ್ರಿ, ಬಡವರು," ಎಂದರು ಹಿಂದಿನಿಂದ ಬೀಗರು. "ಮನಸಿನ್ಯಾಗ ಎಷ್ಟ ಪ್ರೀತಿ ಇಟ್ಟಾರ."

ರಾಯರು ಕೊಡವನ್ನೇ ನೋಡಿದರು. ಹಳ್ಳದಿಂದ ಹೊತ್ತ ನೀರು, ತನಗಾಗಿ. ಮುದುಕಿ ಎಲ್ಲ ಮರೆತಿದ್ದಾಳೆ, ಹೊಟ್ಟೆಗೆ ಹಾಕಿಕೊಂಡಿದ್ದಾಳೆ. ದಿನವಿಡೀ ಬಿದ್ದ ಹಾರಗಳಲ್ಲಿ ಯಾವುದೂ ಇಷ್ಟು ಭಾರವೆನಿಸಿರಲಿಲ್ಲ. ಅವರು ಧೋತರವನ್ನು ಮೊಣಕಾಲ ತನಕ ಎತ್ತಿ, ಬರಿಗಾಲು ಜೋಡಿಸಿ, ಕಣ್ಣು ಮುಚ್ಚಿ ನಿಂತರು.

ನೀರು ಬೀಳಲಿಲ್ಲ. ಕಣ್ಣು ತೆರೆದರೆ ಲಗಮವ್ವ ಎರಡೂ ಕೈಯಲ್ಲಿ ಕೊಡ ಹಿಡಿದು ಅವರ ಪಾದದ ಮೇಲೆ ಬಗ್ಗಿಸುತ್ತಿದ್ದಳು, ನಿಧಾನವಾಗಿ, ತುಂಬಿದ ಕೊಡವನ್ನು ಚೆಲ್ಲದಂತೆ ಬಗ್ಗಿಸುವ ಹಾಗೆ. ಇನ್ನಷ್ಟು ಬಗ್ಗಿಸಿದಳು. ಪೂರಾ ಬೋರಲು ಮಾಡಿದಳು. ಒಂದು ಹನಿಯೂ ಇರಲಿಲ್ಲ. ಮಜಲು ನಿಂತಿತು.

"ಏನಿದು ಹುಚ್ಚಾಟ? ನೀರೆಲ್ಲಿ?" ವೀರಪ್ಪ ಗದರಿದ.

ಲಗಮವ್ವ ಅವನ ಕಡೆ ನೋಡಲಿಲ್ಲ. ಕೊಡವನ್ನು ಕಂಕುಳಿಗೇರಿಸಿ, ಎರಡು ಬೆರಳಲ್ಲಿ ಇಲ್ಲದ ನಸ್ಯ ಹಿಡಿದು ಮೂಗಿಗೆ ಒಯ್ದು ಸೊರ್ರೆಂದು ಎಳೆದಳು. ಮುಚ್ಚಿದ್ದ ಬಾಗಿಲುಗಳ ಹಿಂದೆ ಯಾರೋ ಕಿಸಕ್ಕೆಂದರು. ಆಕೆ ರಾಯರನ್ನೇ ನೋಡುತ್ತ ರಾಯರ ಮೂಗಿನಲ್ಲೇ ಹೇಳಿದಳು:

"ಮಂಜೂರಾಗೇದ. ಇನ್ನೇನ, ಬಂತಽ ಅನ್ನು."

ಬಾಳು ಚಪ್ಪಲಿಗಳಲ್ಲಿ ಮುಖ ಮುಚ್ಚಿಕೊಂಡ.

"ಯಾರ ಧ್ವನಿ ಮಾಡಿದಳು ಆಕಿ?" ಬೀಗರು ಕೇಳಿದರು.

ವೀರಪ್ಪ ಕೈ ಬೀಸಿದ. ಮಜಲು ಮತ್ತೆ ಶುರುವಾಯಿತು, ಮೆರವಣಿಗೆ ಸಾಗಿತು. ರಾಯರೂ ಸಾಗಿದರು, ಧೋತರವನ್ನು ಇನ್ನೂ ಎರಡೂ ಕೈಯಲ್ಲಿ ಎತ್ತಿ ಹಿಡಿದೇ. ಧೂಳೇಳುವ ಆ ಓಣಿಯಲ್ಲಿ ಅವರು ಒಂದೊಂದೇ ಹೆಜ್ಜೆ ಎತ್ತಿಡುತ್ತ, ಮೊಣಕಾಲುದ್ದ ನೀರಿನಲ್ಲಿ ನಡೆಯುವವರಂತೆ ನಡೆದರು.